ಕೀನೈ ನದಿಯ ಗಾಳಬೇಟೆ

ಅಮೆರಿಕದ ಅಲಾಸ್ಕ ರಾಜ್ಯದಲ್ಲಿ, ಕೀನೈ ಸರೋವರದಿಂದ ಹೊರಟು ಸುಮಾರು 130 ಕಿಮೀ ಪಶ್ಚಿಮಾಭಿಮುಖವಾಗಿ ಹರಿದು ಕುಕ್ ಕೊಲ್ಲಿಯನ್ನು ಸೇರುವ ಕೀನೈ ನದಿಯು ವಿನೋದಾರ್ಥವಾದ ಮೀನುಬೇಟೆಗೆ ಪ್ರಸಿದ್ಧವಾದುದು. ಮೇ ತಿಂಗಳ ಮಧ್ಯಭಾಗದಲ್ಲಿ, ಹಿಮವು ಕರಗಿ ಹಗಲು ದೀರ್ಘವಾಗುತ್ತಿರಲು, ಸಮುದ್ರದಲ್ಲಿ ಬೆಳೆದ ಚಿನೂಕ್ ಸಾಲ್ಮನ್ ಮೀನುಗಳು ತಾವು ಹುಟ್ಟಿದ ಸಿಹಿನೀರನ್ನರಸಿ, ಮೊಟ್ಟೆಯಿಡುವುದಕ್ಕಾಗಿ ಪ್ರವಾಹಕ್ಕೆದುರಾಗಿ ಏರತೊಡಗುವುವು. ಜೂನ್ ನಡುವಿನ ವೇಳೆಗೆ ಸಾಕೈ ಸಾಲ್ಮನ್ನಿನ ಮೊದಲ ತಂಡವು ಉಪನದಿಯಾದ ರಷ್ಯನ್ ನದಿಯನ್ನು ಹೊಗುವುದು. ಹಿಮನದಿಗಳು ಅರೆದು ತರುವ ನುಣ್ಣನೆಯ ಶಿಲಾಚೂರ್ಣದಿಂದ ಕೀನೈ ನದಿಯ ನೀರು ಹಸುರುನೀಲಿಯಾಗಿ ಮಬ್ಬಾಗಿರುವುದು. 1985ರ ಮೇ 17ರಂದು ಈ ನದಿಯಲ್ಲಿ ಗಾಳಕ್ಕೆ ಸಿಕ್ಕಿದ, ಸುಮಾರು 44 ಕೆಜಿ ತೂಕದ ಚಿನೂಕ್ ವಿಶ್ವದಾಖಲೆಯೆನಿಸಿತು. ಚಿನೂಕ್ ಸಂತತಿಯು ಕ್ಷೀಣಿಸಿದುದರಿಂದ ಇತ್ತೀಚಿನ ವರ್ಷಗಳಲ್ಲಿ ಅದರ ಬೇಟೆಗೆ ಕಠಿಣ ನಿರ್ಬಂಧಗಳು ವಿಧಿಸಲ್ಪಟ್ಟಿವೆ.