ಹೆಣ್ಮಕ್ಕಳ ಗಾಡಿ

ನಮ್ಮ ಮನೆಗೆ ಕಾರು ಬಂದ ವರ್ಷ ನಾನೂ ಓಡಿಸಲು ಕಲಿಯುತ್ತೇನೆ ಎಂದೆ. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, "ನಿನಗ್ಯಾಕ ಕಾರು? ಸ್ಕೂಟಿ ಐತಲ್ಲ. ಅದೇ ಹೆಣ್ಮಕ್ಕಳ ಗಾಡಿ" ಎಂದರು. ಸಿಟ್ಟಿನಿಂದ ಆಡಿದ ಮಾತಲ್ಲ, ಅಕ್ಕರೆಯಿಂದಲೇ ಅಂದದ್ದು. ಅದಕ್ಕೇ ಎದುರು ಹೇಳಲು ಆಗಲಿಲ್ಲ. ಅಲ್ಲಿಂದ ಹದಿನೈದು ವರ್ಷ ಪಕ್ಕದ ಸೀಟಿನಲ್ಲಿ ಕೂತೆ.

ಆ ಮಾತು ಮತ್ತೆ ಕಿವಿಗೆ ಬಿದ್ದದ್ದು 2023ರ ಫೆಬ್ರುವರಿ 11ರಂದು, ಹೈದರಾಬಾದಿನ ತಂಗಿಯ ಮನೆಯಲ್ಲಿ. ಕಲಬುರಗಿಯವರಾದ ನಮಗೆ ಹೈದರಾಬಾದು ಪರವೂರಲ್ಲ. 1956ರವರೆಗೆ ನಮ್ಮ ಹಿರಿಯರೂ ಆ ರಾಜ್ಯದವರೇ. ಅಂದು ಆಟೋದವನು ಊರೆಲ್ಲ ಸುತ್ತಿಸಿ ಮನೆ ಮುಟ್ಟಿಸಿದ. ಹುಸೇನ್ ಸಾಗರದ ದಂಡೆಯ ರಸ್ತೆಗಳನ್ನು ಬಂದು ಮಾಡಿ, ಅಲ್ಲಿ ವಿದ್ಯುತ್ ಕಾರುಗಳ ರೇಸು ಇಟ್ಟಿದ್ದರು. ಫಾರ್ಮುಲಾ ಇ ಎಂದು ಅದರ ಹೆಸರು. ಒಂದು ಸುತ್ತಿಗೆ ಸುಮಾರು 2.8 ಕಿಲೋಮೀಟರು, 18 ತಿರುವು. ಈ ಪಂದ್ಯ ಭಾರತಕ್ಕೆ ಬಂದದ್ದು ಅದೇ ಮೊದಲು. ಹೊಗೆಯಿಲ್ಲ, ಗದ್ದಲ ಕಡಿಮೆ. ಆದ್ದರಿಂದಲೇ ಊರ ನಡುವೆ ನಡೆಸಲು ಸಾಧ್ಯ.

ಟಿವಿ ಮುಂದೆ ಕೂತ ತಂಗಿಯ ಗಂಡನಿಗೆ ಸಮಾಧಾನವಿರಲಿಲ್ಲ. "ನೋಡ್ರಿ ಅಕ್ಕಾರ, ರೇಸ್ ಅಂದ್ರ ಎದಿ ನಡುಗಬೇಕು. ಇವು ಮಿಕ್ಸಿ ತಿರುಗಿದಂಗ ಸಪ್ಪಳ ಮಾಡ್ತಾವ. ಹೆಣ್ಮಕ್ಕಳ ಗಾಡಿ ಇದ್ದಂಗ ಅದಾವ" ಎಂದು ನಕ್ಕರು.

ಮೂವತ್ತು ವರ್ಷ ಚರಿತ್ರೆ ಕಲಿಸಿದವಳಿಗೆ ಸುಮ್ಮನಿರಲು ಆಗಲಿಲ್ಲ. ಅವರು ತಮಾಷೆಗೆ ಅಂದದ್ದು ಚರಿತ್ರೆಯಲ್ಲಿ ನಿಜವಾಗಿಯೇ ನಡೆದಿದೆ.

ರಸ್ತೆಯ ವಾಹನವೊಂದು ಮೊದಲ ಬಾರಿಗೆ ಗಂಟೆಗೆ 100 ಕಿಲೋಮೀಟರು ವೇಗ ದಾಟಿದ್ದು 1899ರ ಏಪ್ರಿಲ್ 29ರಂದು, ಪ್ಯಾರಿಸ್ ಸಮೀಪ. ಬೆಲ್ಜಿಯಮ್ಮಿನ ಕಮೀಲ್ ಜೆನಾಟ್ಸಿ ಓಡಿಸಿದ ಆ ಕಾರು ಪೆಟ್ರೋಲಿನದಲ್ಲ, ವಿದ್ಯುತ್ತಿನದು. ಅದಕ್ಕೆ ಅವನಿಟ್ಟ ಫ್ರೆಂಚ್ ಹೆಸರಿನ ಅರ್ಥ 'ಎಂದೂ ತೃಪ್ತಿಯಾಗದವಳು' ಎಂದು! ಅಂಥ ವೇಗದ ಗಾಡಿ ಸಪ್ಪೆಯೆನಿಸಿಕೊಂಡದ್ದು ಹೇಗೆ?

ಆಗ ಪೆಟ್ರೋಲ್ ಕಾರು ಚಾಲೂ ಮಾಡಲು ಮುಂದೆ ನಿಂತು ಕಬ್ಬಿಣದ ಹಿಡಿಕೆ ತಿರುಗಿಸಬೇಕಿತ್ತು. ಅದು ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. ವಿದ್ಯುತ್ ಕಾರಿಗೆ ಆ ಕಷ್ಟವಿಲ್ಲ. ಅಮೆರಿಕದ ಕಂಪನಿಗಳು ಅದನ್ನು ಹೆಂಗಸರಿಗೆಂದೇ ಜಾಹೀರಾತು ಮಾಡಿದವು. ಪೆಟ್ರೋಲ್ ಕಾರುಗಳ ದೊರೆ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಓಡಿಸಿದ್ದೂ ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ವಿದ್ಯುತ್ ಕಾರನ್ನೇ. ಆದರೆ 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಸ್ವಿಚ್ಚಿನಿಂದ ಚಾಲೂ ಆಗುವ ವ್ಯವಸ್ಥೆ ಬಂತು. ಪೆಟ್ರೋಲ್ ಕಾರು ಅಗ್ಗವಾಯಿತು, ದೂರಕ್ಕೂ ಹೋಗುತ್ತಿತ್ತು. ವಿದ್ಯುತ್ ಕಾರಿಗೋ ಬ್ಯಾಟರಿ ಸಾಲದು. ಮೇಲೆ 'ಹೆಂಗಸರದು' ಎಂಬ ಹೆಸರು ಅಂಟಿತ್ತು. ಗಂಡಸರು ಕೊಳ್ಳಲು ಹಿಂಜರಿದದ್ದೂ ಒಂದು ಕಾರಣವೆಂದು ಚರಿತ್ರಕಾರರು ಹೇಳುತ್ತಾರೆ. 1930ರ ದಶಕದ ಹೊತ್ತಿಗೆ ಅದು ರಸ್ತೆಯಿಂದ ಹೆಚ್ಚುಕಡಿಮೆ ಮಾಯವಾಯಿತು.

ನಮ್ಮ ಬೆಂಗಳೂರಿನ ಪುಟ್ಟ ರೇವಾ 2001ರಲ್ಲಿ ಬಂದಾಗಲೂ ಆಟಿಕೆಯೆಂದು ನಕ್ಕವರಿದ್ದರು. ಆ ಕಂಪನಿ 2010ರಲ್ಲಿ ಮಹೀಂದ್ರಾದವರ ಕೈ ಸೇರಿತು. 2014ರ ಸೆಪ್ಟೆಂಬರ್ 13ರಂದು ಬೀಜಿಂಗಿನಲ್ಲಿ ಮೊದಲ ಫಾರ್ಮುಲಾ ಇ ರೇಸು ನಡೆದಾಗ ಮಹೀಂದ್ರಾ ತಂಡವೂ ಅಲ್ಲಿತ್ತು. ಆಗ ಒಂದು ಬ್ಯಾಟರಿ ಪೂರ್ತಿ ರೇಸಿಗೆ ಸಾಲದೆ, ಚಾಲಕರು ನಡುವೆ ಇಳಿದು ಇನ್ನೊಂದು ಕಾರು ಹತ್ತುತ್ತಿದ್ದರು. 2018ರವರೆಗೂ ಹಾಗೆಯೇ. ಹೈದರಾಬಾದಿನ ಹೊತ್ತಿಗೆ ಒಂದೇ ಕಾರು ಸಾಕಾಯಿತು. ಬ್ರೇಕ್ ಹಾಕಿದಾಗ ಮೋಟಾರೇ ಸೈಕಲ್ಲಿನ ಡೈನಮೋ ಹಾಗೆ ವಿದ್ಯುತ್ ತಯಾರಿಸಿ ಬ್ಯಾಟರಿಗೆ ತುಂಬುತ್ತದೆ.

ಅಂದು ಮುಂದಿದ್ದವನು ಫ್ರಾನ್ಸಿನ ಜಾನ್ ಎರಿಕ್ ವೆರ್ನ್. ಬೆನ್ನಿಗೇ ನ್ಯೂಜಿಲೆಂಡಿನ ನಿಕ್ ಕ್ಯಾಸಿಡಿ. ಹಿಂದಿನವನ ಬ್ಯಾಟರಿಯಲ್ಲಿ ಶಕ್ತಿ ಹೆಚ್ಚು ಉಳಿದಿತ್ತು, ಮುಂದಿನವನಲ್ಲಿ ಕಡಿಮೆ. ಸಿಲಿಂಡರು ಮುಗಿಯುವ ಸೂಚನೆ ಕಂಡಾಗ ನಾವು ಉರಿ ತಗ್ಗಿಸಿ, ಮುಚ್ಚಳ ಮುಚ್ಚಿ, ಇದ್ದದ್ದರಲ್ಲೇ ಅಡುಗೆ ಪೂರೈಸುವುದಿಲ್ಲವೇ? ಅವನೂ ಹಾಗೆಯೇ ಇದ್ದದ್ದನ್ನು ತೂಗಿಸಿಕೊಂಡು ಅರ್ಧ ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಗೆದ್ದ. ತಂಗಿ ಮೆಲ್ಲಗೆ, "ಅಕ್ಕಾ, ಇದು ಹೆಣ್ಮಕ್ಕಳ ಗಾಡಿನೇ ಬಿಡು" ಎಂದಳು. ಅವಳ ಗಂಡ ಈ ಸಲ ನಗಲಿಲ್ಲ.

ಮರುವರ್ಷದ ರೇಸು ನಡೆಯಲಿಲ್ಲ. ಸರ್ಕಾರ ಬದಲಾದ ಮೇಲೆ, 2024ರ ಜನವರಿಯಲ್ಲಿ ಅದು ರದ್ದಾಯಿತು. ನನಗೆ ಮಾತ್ರ ಆ ಒಂದೇ ರೇಸು ಸಾಕಾಗಿತ್ತು. ಊರಿಗೆ ಬಂದವಳೇ ಡ್ರೈವಿಂಗ್ ಸ್ಕೂಲಿಗೆ ಫೀಸು ಕಟ್ಟಿದೆ. ನಮ್ಮ ಮನೆಯವರು ರಸೀದಿ ನೋಡಿ ಕನ್ನಡಕ ತೆಗೆದರು. "ಈ ವಯಸ್ಸಿನ್ಯಾಗ?" ಎಂದರು. "ಹದಿನೈದು ವರ್ಷದ ಹಿಂದ ಕೇಳಿದಾಗ ವಯಸ್ಸು ಸಣ್ಣದೇ ಇತ್ತಲ್ರೀ" ಎಂದೆ.

ಅವರು ಮಾತಾಡದೆ ಎದ್ದು, ಮೊಳೆಗೆ ನೇತುಹಾಕಿದ್ದ ಕಾರಿನ ಕೀಲಿ ತಂದು ನನ್ನ ಮುಂದಿಟ್ಟರು.