ಮಸೂರವೂ ಪೊರೆಯೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ವೃದ್ಧರ ನೋಟವು ಮಸುಕಾದರೆ ‘ಕಣ್ಣಿಗೆ ಪೊರೆ ಬಂದಿತು’ ಎನ್ನುವ ವಾಡಿಕೆಯು ಕನ್ನಡನಾಡಿನ ಇತರ ಭಾಗಗಳಂತೆಯೇ ಉಂಟು. ಹಾವು ಕಳಚುವುದೂ ಪೊರೆಯೇ. ಕಣ್ಣಿನಲ್ಲಿ ತೆಳುವಾದ ಹೊದಿಕೆಯೊಂದು ಬೆಳೆಯುವುದೆಂಬ ಭಾವನೆಯು ಈ ಮಾತಿನಲ್ಲಿ ಅಡಗಿದೆ. ಸಂಸ್ಕೃತದ ‘ಪಟಲ’ ಶಬ್ದದ ಅರ್ಥವೂ ಇದೇ. ಸುಶ್ರುತಸಂಹಿತೆಯ ಉತ್ತರತಂತ್ರವು ನೇತ್ರದಲ್ಲಿ 5 ಮಂಡಲ, 6 ಸಂಧಿ, 6 ಪಟಲಗಳನ್ನು ಎಣಿಸುತ್ತದೆ. ಪಟಲಗಳಲ್ಲಿ ಎರಡು ರೆಪ್ಪೆಗೂ ನಾಲ್ಕು ಕಣ್ಣಿನ ಗುಡ್ಡೆಗೂ ಸೇರಿದವು. ದೋಷವು ನಾಲ್ಕನೆಯ ಪಟಲವನ್ನು ಹೊಕ್ಕು ನೋಟವನ್ನು ತಡೆದರೆ ಅದು ಲಿಂಗನಾಶ.

ಅದೇ ಗ್ರಂಥವು ‘ದೃಷ್ಟಿ’ಯನ್ನು ಮಸೂರದ ಬೇಳೆಗೆ ಹೋಲಿಸುತ್ತದೆ. ಕಣ್ಣೊಳಗಿನ ಪಾರದರ್ಶಕ ಕಾಯಕ್ಕೆ ಇಂದಿನ ಕನ್ನಡದಲ್ಲಿ ಮಸೂರವೆಂದೇ ಹೆಸರು. ಲ್ಯಾಟಿನಿನ ‘ಲೆನ್ಸ್’ ಶಬ್ದಕ್ಕೂ ಮೂಲಾರ್ಥವು ಆ ಧಾನ್ಯವೇ. ಈ ಸಾಮ್ಯವನ್ನು ಕಂಡು ಸುಶ್ರುತನು ಮಸೂರವನ್ನು ಬಲ್ಲವನಾಗಿದ್ದನೆಂದು ನಿರ್ಣಯಿಸುವುದು ಅವಸರದ ಮಾತು. ಕೃಷ್ಣಮಂಡಲವು ಕಣ್ಣಿನ ಉದ್ದದ ಮೂರರಲ್ಲೊಂದು ಪಾಲು, ದೃಷ್ಟಿಯು ಕೃಷ್ಣಮಂಡಲದ ಏಳರಲ್ಲೊಂದು ಪಾಲು ಎಂದು ಅಲ್ಲಿಯೇ ಅಳತೆ ಹೇಳಿದೆ. ಕಪ್ಪಿನ ಅಡ್ಡಗಲ ಸುಮಾರು 12 ಮಿಲಿಮೀಟರು. ಅದರ ಏಳನೆಯ ಪಾಲು 2 ಮಿಲಿಮೀಟರಿಗೂ ಕಡಮೆ. ಮಸೂರದ ಅಡ್ಡಗಲವಾದರೋ 9ರಿಂದ 10 ಮಿಲಿಮೀಟರು. ಆದುದರಿಂದ ಸುಶ್ರುತನ ದೃಷ್ಟಿಯು ಹೊರಗಿನಿಂದ ಕಾಣುವ ರಂಧ್ರ, ಕನ್ನಡಿಗರ ‘ಪಾಪೆ’. ಸೂತ್ರಸ್ಥಾನದಲ್ಲಿ ದೃಷ್ಟಿಯು ತಾರಕೆಯ ಒಂಬತ್ತನೆಯ ಪಾಲೆಂದಿರುವುದು ಈ ಪಕ್ಷಕ್ಕೆ ಬಾಧಕವಲ್ಲ. ಬೆಳಕಿನಲ್ಲಿ ಕುಗ್ಗಿ ಕತ್ತಲೆಯಲ್ಲಿ ಹಿಗ್ಗುವ ಪಾಪೆಗೆ ಒಂದೇ ಅಳತೆಯು ಹೇಗೆ ತಾನೆ ಸಲ್ಲುವುದು?

ಶಸ್ತ್ರಕರ್ಮದ ಭಾಗವು ಇನ್ನೂ ಸ್ವಾರಸ್ಯವುಳ್ಳದ್ದು. ಜವೆಗೋದಿಯ ಮೊನೆಯಂತಹ ಶಲಾಕೆಯನ್ನು ಕಪ್ಪಿನಿಂದಾಚೆ ಬಿಳಿಯ ಭಾಗದಲ್ಲಿ ಚುಚ್ಚಬೇಕು. ಎಡಗಣ್ಣಿಗೆ ಬಲಗೈ, ಬಲಗಣ್ಣಿಗೆ ಎಡಗೈ. ಸರಿಯಾಗಿ ಚುಚ್ಚಿದಲ್ಲಿ ಸದ್ದೂ ನೀರಿನ ಹನಿಯೂ ಹೊರಡುವುವು. ಬಳಿಕ ತುಪ್ಪ ಹಚ್ಚಿ ಬಟ್ಟೆ ಕಟ್ಟಿಸಿಕೊಂಡ ರೋಗಿಯು ಕೆಮ್ಮದೆ, ಸೀನದೆ, ಅಂಗಾತ ಮಲಗಿರತಕ್ಕುದು. ಕೆರೆದು ಕಳೆಯುವುದು ಕಫವನ್ನೆಂದು ಗ್ರಂಥದ ಮತ. ಇಂತಹ ಕರ್ಮದಲ್ಲಿ ವಾಸ್ತವವಾಗಿ ಸರಿಯುವುದು ಮಬ್ಬಾದ ಮಸೂರವೇ. ಯೂರೋಪಿನಲ್ಲಿಯೂ ಪೊರೆಯ ಕಲ್ಪನೆಯೇ ಬಹುಕಾಲ ನಡೆದಿತ್ತು. 1705ರಲ್ಲಿ ಫ್ರಾನ್ಸಿನ ಬ್ರಿಸ್ಸೊ ಎಂಬ ವೈದ್ಯನು ಶವದ ಕಣ್ಣನ್ನು ಸೀಳಿ, ಮಬ್ಬಾಗುವುದು ಮಸೂರವೆಂದು ತೋರಿಸಿದನು.

ಕನ್ನಡನಾಡಿನಲ್ಲಿ ಈ ಶಾಸ್ತ್ರಕ್ಕೆ ಸ್ವಂತ ಗ್ರಂಥವಿದ್ದಿತು. 9ನೆಯ ಶತಮಾನದ ಉಗ್ರಾದಿತ್ಯನು ತನ್ನ ಕಲ್ಯಾಣಕಾರಕದಲ್ಲಿ, ಶಾಲಾಕ್ಯತಂತ್ರವನ್ನು ಪೂಜ್ಯಪಾದರು ಹೇಳಿದರೆಂದು ಸ್ಮರಿಸಿದ್ದಾನೆ. ಅದು ಉಪಲಬ್ಧವಿಲ್ಲ. ಆದರೆ ಕಣ್ಣಿನ ವ್ಯಾಪಾರವನ್ನು ಕುರಿತು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರ ವಾದವು ಉಳಿದಿದೆ (ಇಬ್ಬರೂ ಒಬ್ಬರೇ ಎಂಬುದು ವಿವಾದಗ್ರಸ್ತ). ಕಣ್ಣಿನ ಕಿರಣವು ಹೋಗಿ ವಸ್ತುವನ್ನು ಮುಟ್ಟುವುದೆಂದು ನೈಯಾಯಿಕರ ಮತ. ಮುಟ್ಟಿ ಅರಿಯುವುದಾದರೆ ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ಕಾಣಬೇಕಿತ್ತಲ್ಲವೆ, ಎಂದು ಪೂಜ್ಯಪಾದರ ಉತ್ತರ. ಕಾಡಿಗೆಯು ಕಾಣದಿರುವುದಕ್ಕೆ ಇಂದು ಹೇಳುವ ಕಾರಣವು ಬೇರೆ: ತೀರ ಹತ್ತಿರದ ವಸ್ತುವಿನ ಬಿಂಬವನ್ನು ಮಸೂರವು ಒಳಪದರದ ಮೇಲೆ ಸ್ಫುಟವಾಗಿ ಮೂಡಿಸಲಾರದು. ಆ ಒಳಪದರಕ್ಕೆ ಕನ್ನಡದಲ್ಲಿ ಈಗ ನಡೆಯುವ ಹೆಸರು ಅಕ್ಷಿಪಟಲ.