ಅರೆಕ: ಜಗಿಯುವ ಕಾಯಿಗೆ ಬಂದ ಹೆಸರು

ಅಡಿಕೆಯ ಸಸ್ಯಶಾಸ್ತ್ರೀಯ ಹೆಸರು 'ಅರೆಕ ಕ್ಯಾಟೆಚು'. ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇದನ್ನು ದಾಖಲಿಸಿದ. 'ಅರೆಕ' ಲ್ಯಾಟಿನ್ ಅಲ್ಲ, ನಮ್ಮ ಕರಾವಳಿಯ ಮಾತೇ. ಕನ್ನಡದ ಅಡಕೆ, ಮಲಯಾಳದ ಅಡಯ್ಕ ಎಂಬ ರೂಪಗಳು ಪೋರ್ಚುಗೀಸರ ಕಿವಿಗೆ ಬಿದ್ದಾಗ ಮೂರ್ಧನ್ಯ 'ಡ'ಕಾರ 'ರ'ಕಾರವಾಯಿತು. ಅವರ ಬಾಯಲ್ಲಿ ಮೂರ್ಧನ್ಯಕ್ಕೆ ಜಾಗವಿರಲಿಲ್ಲ.

ಗೋವಾದಲ್ಲಿ ನೆಲೆಸಿದ್ದ ವೈದ್ಯ ಗಾರ್ಸಿಯ ದ ಓರ್ತ 1563ರಲ್ಲಿ ಅಲ್ಲೇ ಮುದ್ರಿಸಿದ ಔಷಧ ಗ್ರಂಥದಲ್ಲಿ ಅಡಿಕೆ, ವೀಳ್ಯದೆಲೆ ಎರಡನ್ನೂ ಚರ್ಚಿಸಿದ್ದಾನೆ. ಅಡಿಕೆಗೆ ಅರಬ್ಬರ 'ಫೌಫೆಲ್' ಎಂಬ ಹೆಸರೂ ಅವನಿಗೆ ಗೊತ್ತಿತ್ತು. ಅದರ ಮೂಲ ಸಂಸ್ಕೃತದ 'ಪೂಗಫಲ'. ಕೊಂಕಣಿಯ 'ಫೋಪಳ' ಅದೇ ಬೇರಿನದು. ಗೋವಾದ ಫೋಂಡಾದ ಕುಳಾಗರಗಳಲ್ಲಿ, ಅಂದರೆ ತೆಂಗು, ಬಾಳೆ, ಮೆಣಸಿನ ಜೊತೆ ಬೆಳೆವ ಅಡಿಕೆ ತೋಟಗಳಲ್ಲಿ, ಈ ಬೆಳೆ ಇಂದಿಗೂ ಇದೆ. ವೀಳ್ಯದೆಲೆಯ 'ಬೀಟಲ್' ಎಂಬ ಹೆಸರೂ ಪೋರ್ಚುಗೀಸರ ಮೂಲಕವೇ ಮಲಯಾಳದ 'ವೆಟ್ಟಿಲ'ದಿಂದ ಯುರೋಪಿಗೆ ಹೋಯಿತು.

ಜಗಿಯುವುದಕ್ಕಿರುವ ಕ್ರಿಯಾಪದದ ಕತೆ ಇನ್ನೂ ಸ್ವಾರಸ್ಯದ್ದು. ಪೋರ್ಚುಗೀಸಿನಲ್ಲಿ ಅಗಿದು ನುಂಗುವುದು 'ಮಸ್ತಿಗಾರ್', ನುಂಗದೆ ಜಗಿಯುವುದು 'ಮಸ್ಕಾರ್'. ಎರಡೂ ಲ್ಯಾಟಿನ್ನಿನ ಒಂದೇ ಧಾತುವಿನ ಮಕ್ಕಳು. ಇಂಗ್ಲಿಷಿನ 'ಮ್ಯಾಸ್ಟಿಕೇಟ್' ಕೂಡ. ಕನ್ನಡದಲ್ಲಿ ಅನ್ನವನ್ನು ಅಗಿಯುತ್ತೇವೆ, ತಂಬಾಕನ್ನು ಜಗಿಯುತ್ತೇವೆ. ಎಲೆಯಡಿಕೆಯನ್ನಂತೂ ಮೆಲ್ಲುತ್ತೇವೆ, ಇಲ್ಲವೇ ಬರಿದೇ 'ಹಾಕಿಕೊಳ್ಳುತ್ತೇವೆ'.